ಮುಚ್ಚಿದ ಕೆರೆಯ ಕೋಡಿ

ಸಾಬವ್ವ ನಾಲಾದೊಳಗೆ ಸೊಂಟದ ಮಟ್ಟ ಇಳಿದಿದ್ದಳು. ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಮಳೆ ಬೀಳುವುದರೊಳಗೆ ಡೊಂಬಿವಲಿಯ ನಾಲಾಗಳ ಹೂಳು ಎತ್ತಿ ಮುಗಿಸಬೇಕೆಂದು ಗುತ್ತಿಗೆದಾರ ಬೆನ್ನು ಹತ್ತಿದ್ದ. ಹೂಳೆಂದರೆ ಮಣ್ಣಲ್ಲ. ಪ್ಲಾಸ್ಟಿಕ್ ಚೀಲ, ಹೇಲು ಮೆತ್ತಿದ ಡೈಪರು, ಸತ್ತ ಇಲಿ, ಒಡೆದ ಬಾಟಲಿ. ಕೈಗವಸು ಬರುತ್ತವೆ ಎಂದು ಅವನು ಮೂರು ವರ್ಷದಿಂದ ಹೇಳುತ್ತಿದ್ದ. ಸಾಬವ್ವ ಬರಿಗೈಯಲ್ಲಿ ಬಾಚಿ ಬುಟ್ಟಿ ತುಂಬುತ್ತಿದ್ದಳು. ದಂಡೆಯ ಮೇಲಿನ ಹೆಂಗಸು ಅದನ್ನು ತಲೆಯ ಮೇಲೆ ಹೊರುತ್ತಿದ್ದಳು. ಬುಟ್ಟಿಯಿಂದ ಕಪ್ಪು ನೀರು ಹಣೆಗೆ ಇಳಿದು, ಮೂಗಿನ ಮೇಲೆ ಹರಿದು, ತುಟಿಗೆ ಬರುತ್ತಿತ್ತು. ತುಟಿ ಬಿಗಿಹಿಡಿಯಬೇಕು. ಬಾಯಿ ತೆರೆದರೆ ಒಳಗೆ ಹೋಗುತ್ತದೆ. ಅದಕ್ಕೇ ನಾಲಾದ ಹೆಂಗಸರು ಕೆಲಸ ಮುಗಿಯುವ ತನಕ ಮಾತಾಡುವುದಿಲ್ಲ. ದಾರಿಹೋಕರು ಇವರಿಗೆ ಮಾತೇ ಬರುವುದಿಲ್ಲ ಎಂದುಕೊಳ್ಳುತ್ತಾರೆ.

ಆ ದಿನ ಸಾಬವ್ವ ಬಾಯಿ ತೆರೆದಳು.

ದಂಡೆಯ ಮೇಲೆ ಮೂರು ಕಾಲಿನ ಯಂತ್ರ ಇಟ್ಟುಕೊಂಡು ಇಬ್ಬರು ಅಳತೆ ಹಿಡಿಯುತ್ತಿದ್ದರು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಸಾಹೇಬನೊಬ್ಬ ಪಕ್ಕದಲ್ಲಿ ನಿಂತಿದ್ದ. ಅವರು ಕೋಲು ಊರಿದ ಜಾಗ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಇವರ ಕಣ್ಣಾಗ ಮಣ್ಣು ಬಿದ್ದೈತೇನ? ನೀರು ಬರೂದು ಈ ಕಡಿಂದ. ಕೋಲು ಊರ್ಯಾರ ಆ ಕಡಿ!"

ಸಾಹೇಬ ಗಕ್ಕನೆ ತಿರುಗಿದ. ಅವನ ಮುಖ ಅರಳಿತು.

"ಅವ್ವಾರ, ಯಾ ಊರವ್ರಿ ನೀವು?"

"ಸಿಂದಗಿ ತಾಲ್ಲೂಕು."

"ನಾ ಬಾಗಲಕೋಟಿಯಾವ್ರಿ. ಸಂಗಮೇಶ ಅಂತ ನನ್ನ ಹೆಸರು."

ಅವನು ಎಂಜಿನಿಯರು. ನೀರಿನ ಯೋಜನೆ ಮಾಡಿಕೊಡುವ ಕಂಪನಿಯೊಂದರಲ್ಲಿ ಕೆಲಸ. ಡೊಂಬಿವಲಿ ಪೂರ್ವದಲ್ಲಿ ಸ್ವಂತ ಫ್ಲ್ಯಾಟು. ಹವಾಮಾನ ಕೆಟ್ಟಿದೆ, ಹಿಂದೆ ದಿನವಿಡೀ ಬೀಳುತ್ತಿದ್ದ ಮಳೆ ಈಗ ಒಂದೇ ತಾಸಿನಲ್ಲಿ ಬೀಳುತ್ತದೆ, ಸಮುದ್ರವೂ ಏರುತ್ತಿದೆ, ಅದಕ್ಕೆ ಊರನ್ನು ಸಜ್ಜು ಮಾಡುವ ದೊಡ್ಡ ಯೋಜನೆ, ಇಲ್ಲಿಯವರ ಮಾತಿನಲ್ಲಿ ಪ್ರಕಲ್ಪ, ಬಂದಿದೆ ಎಂದು ಅವನು ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹೇಳಿದ.

"ಅದರಾಗ ಒಂದು ಭಾಗ ಐತ್ರಿ ಅವ್ವಾರ. ಸ್ಥಳೀಯರ ಪಾರಂಪರಿಕ ಜ್ಞಾನ ಅಂತ. ಅದನ್ನ ನಾವು ಕೇಳಿ ಬರಕೋಬೇಕು."

"ಅಂದ್ರ ಏನ್ರಿ?"

"ನಿಮಗ ಗೊತ್ತಿದ್ದದ್ದು."

ಸಾಬವ್ವ ನಕ್ಕಳು. ಈ ಊರಿಗೆ ಬಂದ ಮೂವತ್ತೆಂಟು ವರ್ಷದಲ್ಲಿ ನಿನಗೇನು ಗೊತ್ತು ಎಂದು ಅವಳನ್ನು ಕೇಳಿದವರಿಲ್ಲ. ಎಷ್ಟು ಬುಟ್ಟಿ ಹೊರುತ್ತೀ ಎಂದಷ್ಟೇ ಕೇಳಿದ್ದರು.

ಅವಳು ಮಣ್ಣೊಡ್ಡರವಳು. ಕೆರೆ ತೋಡುವುದು, ಬಾವಿ ತೋಡುವುದು, ಏರಿ ಕಟ್ಟುವುದು ಅವರ ಕುಲದ ಕೆಲಸ. ಅವಳ ಅಪ್ಪ ಪರಾತದಲ್ಲಿ ನೀರು ತುಂಬಿ ನೆಲದ ಮೇಲಿಟ್ಟು ಇಳಿಜಾರು ಹೇಳುತ್ತಿದ್ದ. ಮಣ್ಣನ್ನು ನಾಲಗೆಗೆ ಹಚ್ಚಿ ಕೆಳಗೆ ಸಿಹಿನೀರೋ ಸವಳೋ ಎನ್ನುತ್ತಿದ್ದ. ಕೆರೆ ಕಟ್ಟಿದವರು ಅವರು. ಆದರೆ ಊರಿನ ಕೆರೆಯಲ್ಲಿ ಅವರಿಗೆ ಕೊಡ ಮುಳುಗಿಸಲು ಬಿಡುತ್ತಿರಲಿಲ್ಲ. ಹದಿನೇಳಕ್ಕೆ ಮದುವೆಯಾಗಿ ಗಂಡ ಸೈದಪ್ಪನ ಹಿಂದೆ ಅವಳು ಇಲ್ಲಿಗೆ ಬಂದಳು. ಖಾಡಿಯ, ಸಮುದ್ರದ ನೀರು ಒಳಹೊಕ್ಕ ಕೊಲ್ಲಿಯ, ಅಂಚಿನ ತಗ್ಗಿನಲ್ಲಿ ಅವರದೇ ಜನ ಗುಡಿಸಲು ಹಾಕಿದ್ದರು. ಇಲ್ಲಿಯವರು ಅದನ್ನು ವಡಾರವಾಡಿ ಎಂದರು. ಇನ್ನೂರು ಮನೆ. ಅವರು ಕಟ್ಟಿದ ಬಿಲ್ಡಿಂಗುಗಳು ಸುತ್ತ ಎದ್ದವು. ಅವರ ಮನೆಗಳ ಮೇಲೆ ಇನ್ನೂ ತಗಡಿನ ಪತ್ರಾಸು.

ಎರಡು ವರ್ಷದ ಹಿಂದೆ ಆಷಾಢದ ಅಮಾವಾಸ್ಯೆಗೆ ವಾಡಿಯೊಳಗೆ ಎದೆಮಟ್ಟ ನೀರು ನಿಂತಿತು. ಸೈದಪ್ಪ ಮುದುಕರನ್ನೂ ಮಕ್ಕಳನ್ನೂ ಹೆಗಲ ಮೇಲೆ ಹೊತ್ತು ರೈಲುದಂಡೆಗೆ ಮುಟ್ಟಿಸಿದ. ಅವನ ಅಂಗಾಲಿನಲ್ಲಿ ಗಾಯವಿತ್ತು. ಇಲಿಯ ಉಚ್ಚೆ ಬೆರೆತ ನೀರು ಗಾಯಕ್ಕೆ ತಾಕಿದರೆ ಬರುವ ಜ್ವರ ಅವನಿಗೆ ಬಂತು. ಎಂಟನೆಯ ದಿನ ಕಣ್ಣು ಅರಿಶಿನವಾಗಿ ಸತ್ತ. ಅವನ ಸಾವು ಯಾವ ಪಟ್ಟಿಯಲ್ಲೂ ಬರಲಿಲ್ಲ. ನೀರಿನಲ್ಲಿ ಮುಳುಗಿ ಸತ್ತವರನ್ನು ಮಾತ್ರ ಬರೆದುಕೊಳ್ಳುತ್ತೇವೆ ಎಂದರು.

ಅದಕ್ಕೇ ಸಾಬವ್ವ ಸಂಗಮೇಶನಿಗೆ ಹೂಂ ಎಂದಳು. ಬರೆದುಕೊಳ್ಳಲಿ.

ಮೂರು ದಿನ ಅವನನ್ನು ನಡೆಸಿದಳು. ಮೂರು ದಿನದ ಕೂಲಿ ಬಿಟ್ಟಳು. ಮಗಳು ಅಶ್ಮಿತಾ ಜೊತೆಗಿದ್ದಳು. ಹನ್ನೆರಡನೆಯ ಇಯತ್ತೆ ಪಾಸಾದವಳು, ಕಂಪ್ಯೂಟರ್ ಕಲಿತವಳು. ಪ್ರಕಲ್ಪದವರು ಅವಳನ್ನು ಸಣ್ಣ ಸಂಬಳಕ್ಕೆ ಮೂರು ತಿಂಗಳು ಸ್ವಯಂಸೇವಕಿ ಎಂದು ಇಟ್ಟುಕೊಂಡಿದ್ದರು. ಅವ್ವನ ಮಾತನ್ನು ಮೊಬೈಲಿನಲ್ಲಿ ಹಿಡಿದು ಮರಾಠಿಯಲ್ಲಿ ಬರೆದುಕೊಡುವುದು ಅವಳ ಕೆಲಸ.

ಸಾಬವ್ವ ಎಲ್ಲವನ್ನೂ ಹೇಳಿದಳು. ಹುಣ್ಣಿಮೆ ಅಮಾವಾಸ್ಯೆಗೆ ಖಾಡಿಯ ಭರತಿ, ಸಮುದ್ರದ ಉಬ್ಬರ, ನಡುಮಧ್ಯಾಹ್ನಕ್ಕೆ ತುಂಬುತ್ತದೆ, ಅದೇ ಹೊತ್ತಿಗೆ ಮಳೆ ಬಿದ್ದರೆ ನಾಲಾದ ನೀರನ್ನು ಖಾಡಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ದೊಡ್ಡ ನೀರು ಬರುವ ಹಿಂದಿನ ದಿನ ಕೆಂಪು ಏಡಿಗಳು ಕೆಸರು ಬಿಟ್ಟು ಡಾಂಬರಿನ ಮೇಲೆ ಹತ್ತುತ್ತವೆ. ಇರುವೆ ತತ್ತಿ ಹೊತ್ತು ಗೋಡೆ ಏರಿದರೆ ಎಷ್ಟು ಎತ್ತರಕ್ಕೆ ಏರಿದೆ ನೋಡಬೇಕು. ಯಾವ ಮನೆಯ ಹೊಸ್ತಿಲಿಗೆ ಮೊದಲು ನೀರು, ಯಾವ ಮನೆಗೆ ಕೊನೆಗೆ, ಯಾವ ಗಲ್ಲಿಯಲ್ಲಿ ಸೆಳವು, ಎಲ್ಲಿ ಬರೀ ನಿಂತ ನೀರು, ಎಲ್ಲ ತೋರಿಸಿದಳು. ಸಂಗಮೇಶ ಬೆವರು ಒರೆಸಿಕೊಳ್ಳುತ್ತ ಬರೆದುಕೊಂಡ. ನಡುನಡುವೆ "ಅಬ್ಬಬ್ಬಾ!" ಎನ್ನುತ್ತಿದ್ದ. ಮಧ್ಯಾಹ್ನ ಅವಳ ಮನೆಯಲ್ಲಿ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ. ನಮ್ಮವ್ವನ ಕೈರುಚಿ ನೆನಪಾತು ಎಂದ. ಸುಳ್ಳಿಗೆ ಅಂದದ್ದಲ್ಲ. ಅವನ ಕಣ್ಣು ನಿಜಕ್ಕೂ ತುಂಬಿದ್ದವು.

ಮೂರನೆಯ ದಿನ ಅವಳು ಅವನನ್ನು ಸರೋವರ ಸ್ಪರ್ಶ ಕಾಂಪ್ಲೆಕ್ಸಿನ ಹಿಂದಿನ ಗೋಡೆಗೆ ಕರೆದೊಯ್ದಳು. ಏಳು ಟವರು, ಈಜುಕೊಳ, ಸುತ್ತ ಎತ್ತರದ ಗೋಡೆ. ಮಗ್ಗುಲಲ್ಲೇ ತಗ್ಗಿನಲ್ಲಿ ವಡಾರವಾಡಿ.

"ಇಲ್ಲಿ ಕೆರಿ ಇತ್ತು" ಎಂದಳು.

ಸಂಗಮೇಶ ನಕಾಶೆ ಬಿಡಿಸಿದ. "ನಕಾಶದಾಗ ಇಲ್ರಿ."

"ನಕಾಶದಾಗ ಹೆಂಗ ಇರತೈತಿ? ಇಪ್ಪತ್ತು ವರ್ಷದ ಹಿಂದ ನಾವಽ ಮುಚ್ಚೀವಿ."

ಅಶ್ಮಿತಾ ತಲೆಯೆತ್ತಿ ಅವ್ವನನ್ನು ನೋಡಿದಳು. ಈ ಮಾತು ಅವಳೂ ಕೇಳಿರಲಿಲ್ಲ.

ಸಾಬವ್ವ ಹೇಳುತ್ತಾ ಹೋದಳು. ಆ ಕೆರೆ ಇಲ್ಲಿಯ ಆಗ್ರಿ ಜನರ ಹಳ್ಳಿಯದು. ಆಗ ಬಿಲ್ಡರ ಬಂದ. ನಾಲ್ಕು ತಿಂಗಳ ಕೆಲಸ ಎಂದ. ವಡಾರವಾಡಿಯ ಜನ ಹಸಿದಿದ್ದರು. ಕೆರೆ ತೋಡುವ ಕುಲದವರು ಬುಟ್ಟಿ ಬುಟ್ಟಿ ರಾಬಿಟ್, ಒಡೆದ ಕಟ್ಟಡಗಳ ಕಸ, ಹೊತ್ತು ಕೆರೆ ತುಂಬಿದರು. ಅವಳ ಹೊಟ್ಟೆಯಲ್ಲಿ ಆಗ ಅಶ್ಮಿತಾ. ಸೈದಪ್ಪ ನಾಲ್ಕು ತಿಂಗಳೂ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಕೋಡಿಯನ್ನೂ ಮುಚ್ಚು ಎಂದಾಗ ಮುಕಾದಮನ ಕಣ್ಣು ತಪ್ಪಿಸಿ ಒಂದು ಕೆಲಸ ಮಾಡಿದ. ಕೆರೆ ತುಂಬಿ ಹೆಚ್ಚಾದ ನೀರು ಖಾಡಿಗೆ ಇಳಿಯುವ ಕಲ್ಲಿನ ಕಾಲುವೆ ಆ ಕೋಡಿ. ಅದರೊಳಗೆ ಮಣ್ಣು ತುಂಬಲಿಲ್ಲ. ಮೇಲೆ ಚಪ್ಪಡಿ ಹಾಸಿದ. ಚಪ್ಪಡಿಯ ಮೇಲೆ ಮಣ್ಣು ಎಳೆದ. ಬಾಯಿ ಮಾತ್ರ ಮುಚ್ಚಿದ. ಅದರ ಮೇಲೆ ಬಿಲ್ಡರ ಗೋಡೆ ಎಬ್ಬಿಸಿದ.

"ಒಳಗ ಪೊಳ್ಳು ಐತಿ ಸಾಹೇಬ. ಖಾಡಿತನಾ ಐತಿ. ಮ್ಯಾಲಿಂದ ಬರೂ ನೀರು ಈ ಗ್ವಾಡಿಗೆ ಬಡದು, ದಾರಿ ಸಿಗದ ನಮ್ಮ ವಾಡಿಗೆ ನುಗ್ಗತೈತಿ. ಇಲ್ಲಿ ಹತ್ತು ಹೆಜ್ಜಿ ಗ್ವಾಡಿ ಒಡೀರಿ. ಬಾಯಿ ಬಿಚ್ಚರಿ. ನೀರು ತನ್ನ ದಾರೀಲೆ ತಾ ಹೋಗತೈತಿ."

ಸಂಗಮೇಶ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದ. "ಇದು ದೊಡ್ಡ ಮಾತು, ಅವ್ವಾರ" ಎಂದ. ಬರೆದುಕೊಂಡದ್ದರ ಕೆಳಗೆ ಪೆನ್ನಿನಿಂದ ಎರಡು ಸಲ ಗೆರೆ ಎಳೆದ.

ಕಾರಹುಣ್ಣಿಮೆಗೆ ಆರು ದಿನ ಮೊದಲು ಪ್ರಕಲ್ಪದವರು ಸಭೆ ಇಟ್ಟರು. ಸಭೆ ಸರೋವರ ಸ್ಪರ್ಶದ ಕ್ಲಬ್‌ಹೌಸಿನಲ್ಲೇ. ವಡಾರವಾಡಿಯಿಂದ ಇಪ್ಪತ್ತು ಜನ ಹೋದರು. ಸಾಬವ್ವ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟಿದ್ದಳು. ಮುಂಬಾಗಿಲಿನ ವಾಚಮನ್ ತಡೆದ. ಕೆಲಸದವರ ಬಾಗಿಲು ಹಿಂದೆ ಎಂದ. ನಮ್ಮನ್ನು ಕರೆದಿದ್ದಾರೆ ಎಂದು ಅಶ್ಮಿತಾ ಕಾಗದ ತೋರಿಸಿದಳು. ಕರೆದವರಿಗೂ ಹಿಂದೆಯೇ ಎಂದ. ಹಿಂದಿನ ಬಾಗಿಲಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿದರು. ಎದುರಿನ ಬಾಗಿಲಿನಿಂದ ಬಂದವರಿಗೆ ಗುಲಾಬಿ ಕೊಡುತ್ತಿದ್ದುದು ಕಾಣುತ್ತಿತ್ತು. ಇವರನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ ಸೆರಗು ಮೂಗಿಗೆ ಹಿಡಿದಳು. ಸಾಬವ್ವ ಆ ದಿನ ಎರಡು ಸಲ ಸಾಬೂನು ಹಚ್ಚಿ ಮಿಂದಿದ್ದಳು.

ಪ್ರಕಲ್ಪದ ಮೇಡಮ್ಮು ಪರದೆಯ ಮೇಲೆ ನಕಾಶೆ ಬಿಟ್ಟಳು. ಬಣ್ಣ ಬಣ್ಣದ ನಕಾಶೆ. ಒಂದು ಜಾಗ ಕೆಂಪಾಗಿತ್ತು.

"ವಹ್ ಅಪನಾ ಹೈ" ಎಂದಳು ಹಿಂದಿಯಲ್ಲೇ ಬೆಳೆದ ಅಶ್ಮಿತಾ ಮೆಲ್ಲಗೆ. ಅದು ನಮ್ಮದು.

ಮೇಡಮ್ಮು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಶ್ಮಿತಾ ಒಂದೊಂದನ್ನೇ ಅವ್ವನ ಕಿವಿಯಲ್ಲಿ ಹೇಳಿದಳು. ಈ ವಸತಿಯಲ್ಲಿ ಎದೆಮಟ್ಟ ನೀರು ನಿಲ್ಲುತ್ತದೆ ಎಂದು ಅಲ್ಲಿಯ ಜನರೇ ತಮ್ಮ ಪಾರಂಪರಿಕ ಜ್ಞಾನದಿಂದ ತೋರಿಸಿಕೊಟ್ಟಿದ್ದಾರೆ. ಯಾವ ಮನೆಗೆ ಎಷ್ಟು ನೀರು ಎಂದು ಮನೆಮನೆಯ ಲೆಕ್ಕ ಕೊಟ್ಟಿದ್ದಾರೆ. ಆದ್ದರಿಂದ ಈ ಜಾಗ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ. ಇನ್ನೂರು ಕುಟುಂಬಗಳನ್ನು ದೂರದ ಟಿಟ್ವಾಳಾದ ಆಚೆಯ ಕಟ್ಟಡಗಳಿಗೆ ಕಳಿಸಲಾಗುವುದು. ಖಾಲಿಯಾದ ಜಾಗದಲ್ಲಿ ಮಳೆನೀರು ಹಿಡಿಯುವ ಕೊಳ. ಕೊಳದ ಸುತ್ತ ವಾಕಿಂಗ್ ಟ್ರ್ಯಾಕು.

ಮುಂದಿನ ಸಾಲುಗಳು ಚಪ್ಪಾಳೆ ತಟ್ಟಿದವು.

ಸಾಬವ್ವ ಪರದೆಯನ್ನೇ ನೋಡುತ್ತಿದ್ದಳು. ಅವಳು ತೋರಿಸಿದ ಗಲ್ಲಿ ಇತ್ತು. ಅವಳು ಹೇಳಿದ ಹೊಸ್ತಿಲು ಇತ್ತು. ಏಡಿ ಹತ್ತುವ ರಸ್ತೆಯ ಚಿತ್ರವೂ ಇತ್ತು, ಅದರ ಕೆಳಗೆ ಅವಳ ಫೋಟೊ. ಕೆರೆ ಇರಲಿಲ್ಲ. ಕೋಡಿ ಇರಲಿಲ್ಲ. ಗೋಡೆ ಇರಲಿಲ್ಲ. ನೀರು ಎಲ್ಲಿಗೆ ಬರುತ್ತದೆ ಎಂದು ಬರೆದಿದ್ದರು. ಯಾಕೆ ಬರುತ್ತದೆ ಎಂಬುದನ್ನು ಬಿಟ್ಟಿದ್ದರು. ತನ್ನ ಮನೆಯನ್ನು ತಾನೇ ಬೆರಳು ಮಾಡಿ ತೋರಿಸಿ ಕೊಟ್ಟಂತಾಗಿತ್ತು.

ಅವಳ ಹೆಸರು ಕೂಗಿದರು. ಶಾಲು, ತೆಂಗಿನಕಾಯಿ, ಒಂದು ಕಾಗದ. ಕಾಗದ ವಡಾರವಾಡಿಯ ಪರವಾಗಿ ಸಹಮತಿಪತ್ರ. ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಲು ನೀಲಿ ಪ್ಯಾಡು ತೆರೆದಿಟ್ಟಿದ್ದರು. ಫೋಟೊದವನು ಸಜ್ಜಾಗಿದ್ದ. ಸಂಗಮೇಶ ಶಾಲು ಹಿಡಿದು ನಗುತ್ತ ನಿಂತಿದ್ದ.

ಸಾಬವ್ವ ಹೋದಳು. ಶಾಲಿಗೆ ತಲೆ ಬಾಗಿಸಲಿಲ್ಲ.

"ನಾ ಹೇಳಿದ್ದು ಪೂರಾ ಓದು, ಸಾಹೇಬ."

"ಅವ್ವಾರ, ಈಗ ಫೋಟೊ..."

"ಕೆರಿ ಎಲ್ಲೈತಿ?"

ಅವನು ಧ್ವನಿ ತಗ್ಗಿಸಿದ. "ಬರದಿದ್ನಿರಿ. ಮ್ಯಾಲಿನವರು ತಗದ್ರು. ಕಾಂಪ್ಲೆಕ್ಸ್ ಒಳಗಿನ ಜಾಗ ನಮ್ಮ ಸ್ಕೋಪಿನ್ಯಾಗ ಬರಂಗಿಲ್ರಿ."

"ನಮ್ಮ ಮನಿ ಬರತೈತಿ?"

ಅವಳು ಮೈಕಿನ ಕಡೆ ಬಾಗಿದಳು.

"ನೀವು ಕುಂತಿದ್ದು ಕೆರಿ ಮ್ಯಾಲ! ಈ ಕೆರಿ ಮುಚ್ಚಿದಾಕಿ ನಾನಽ. ಈ ತಲಿ ಮ್ಯಾಲಽ ಹೊತ್ತೀನಿ! ನೀರು ಹೋಗೂ ಬಾಯಿ..."

ಮೈಕು ಆರಿಸಿದರು. ಅವಳು ಕೂಗಿದಳು. ಮುಂದಿನ ಸಾಲುಗಳಲ್ಲಿ ಯಾರಿಗೂ ಕನ್ನಡ ತಿಳಿಯಲಿಲ್ಲ. ಪಕ್ಕದಲ್ಲಿ ತಿಳಿದವನೊಬ್ಬ ಶಾಲು ಮಡಿಸುತ್ತಿದ್ದ. ವಾಚಮನ್ ಅವಳ ರಟ್ಟೆ ಹಿಡಿದ. ಮೇಡಮ್ಮು ಮೈಕು ತಿರುಗಿಸಿಕೊಂಡು, ಜನರ ಭಾವನೆಗಳನ್ನು ನಾವು ಗೌರವಿಸುತ್ತೇವೆ ಎಂದಳು. ನೀಲಿ ಪ್ಯಾಡನ್ನು ಸಾಬವ್ವ ಕೈಯಿಂದ ಸರಿಸಿದಳು. ಅದು ಕೆಳಗೆ ಬಿದ್ದು ಬಿಳಿ ಹಾಸಿನ ಮೇಲೆ ಕಲೆಯಾಯಿತು. ಸಭೆಯ ನಂತರ ಎಲ್ಲರೂ ಮಾತಾಡಿದ್ದು ಆ ಕಲೆಯ ಬಗ್ಗೆ.

ಮರುದಿನ ಅಶ್ಮಿತಾಳ ಕೆಲಸ ಹೋಯಿತು. ಮೊಬೈಲಿನಲ್ಲಿದ್ದ ಅವ್ವನ ಮಾತನ್ನೆಲ್ಲ ಅಳಿಸಿಕೊಡು ಎಂದರು. ಅಳಿಸದಿದ್ದರೆ ಉಳಿದ ಸಂಬಳ ಇಲ್ಲ ಎಂದರು. ಅವಳು ಅಳಿಸಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮೂರು ವರ್ಷ ಹುಡುಕಿ ಸಿಕ್ಕಿದ್ದ ನೆರಳಿನ ಕೆಲಸ.

ಹುಣ್ಣಿಮೆಗೆ ಎರಡು ದಿನ ಇರುವಾಗ ಅಂಗನವಾಡಿಯ ಕಟ್ಟೆಯ ಮೇಲೆ ಜನ ಸೇರಿದರು. ಮಾನಪ್ಪ ಮೊದಲು ಮಾತಾಡಿದ. ಕೂಲಿಯವರನ್ನು ಕೂಡಿಸುವ ಮೇಸ್ತ್ರಿ, ವಾಡಿಯ ಹಿರಿಯ. ಕಳೆದ ಸಲದ ನೀರಿನಲ್ಲಿ ಅವನ ಮನೆಯ ಗೋಡೆ ಬಿದ್ದಿತ್ತು.

"ಸಾಬವ್ವ, ನಾ ಒಂದು ಮಾತು ಹೇಳ್ಲೇನು? ಪಕ್ಕಾ ಮನಿ ಕೊಡ್ತಾರ. ಹೋಗೂಣು. ಎಷ್ಟು ದಿನ ಹಾವಿನ ಜೋಡಿ ಮಲಗೂದು?"

"ಟಿಟ್ವಾಳಾದಾಚಿಂದ ಮುಂಜಾನಿ ಏಳಕ್ಕ ಕೂಲಿಯವರು ನಿಲ್ಲೂ ನಾಕಾಕ್ಕ ಹೆಂಗ ಬರ್ತೀ? ಗುದ್ದಲಿ ಬುಟ್ಟಿ ಹಿಡಕೊಂಡು ಲೋಕಲ್ ರೈಲು ಹತ್ತಾಕ ಬಿಡ್ತಾರೇನು? ನಾಕಾಕ್ಕ ತಡಾ ಆದ್ರ ಕೆಲಸ ಯಾರು ಇಟ್ಟಿರ್ತಾರ?"

ಅದು ಮಾನಪ್ಪನಿಗೂ ಗೊತ್ತಿತ್ತು. ಹಿಂದೆ ಕಳಿಸಿದ ಬೇರೆ ವಸತಿಯವರು ಒಬ್ಬೊಬ್ಬರಾಗಿ ತಿರುಗಿ ಬಂದು ಈಗ ಫ್ಲೈಓವರಿನ ಕೆಳಗೆ ಇದ್ದರು.

"ಮತ್ತ ಏನ್ ಮಾಡೂಣಂತಿ?" ಎಂದ.

"ನಾಳಿಗೆ ಏಡಿ ನೋಡ್ತೀನಿ" ಎಂದಳು ಸಾಬವ್ವ. "ಹುಣ್ಣಿಮಿ ಭರತಿ ದೊಡ್ಡದು ಐತಿ. ಮುದುಕರು ಹುಡುಗರು ಸಾಲಿ ಕಟ್ಟಡಕ್ಕ ಹೋಗಲಿ. ರೇಶನ್ನು, ಕಾಗದಪತ್ರ ಮ್ಯಾಲ ಕಟ್ಟರಿ. ಉಳಿದವರು ನನ್ನ ಜೋಡಿ ಬರ್ರಿ. ನಾವು ಮುಚ್ಚಿದ್ದು. ನಾವಽ ತಗಿಯೂಣು."

"ಜೇಲಿಗೆ ಹಾಕ್ತಾರ."

"ಹಾಕಲಿ. ಅಲ್ಲಿ ನೀರು ಬರಂಗಿಲ್ಲಲ್ಲ."

ಯಾರೋ ನಕ್ಕರು. ನಗು ಬೇಗ ಆರಿತು.

ಹುಣ್ಣಿಮೆಯ ಹಿಂದಿನ ದಿನ ಏಡಿಗಳು ರಸ್ತೆಗೆ ಬಂದವು. ನೂರಾರು. ರಿಕ್ಷಾಗಳ ಗಾಲಿಗೆ ಸಿಕ್ಕು ಚಟಚಟ ಒಡೆಯುತ್ತಿದ್ದವು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮೊಬೈಲಿನಲ್ಲಿ ಸಾಧಾರಣ ಮಳೆ ಎಂದು ತೋರಿಸುತ್ತಿತ್ತು.

ಹುಣ್ಣಿಮೆಯ ಬೆಳಗ್ಗೆ ಏಳಕ್ಕೆ ಇಪ್ಪತ್ತೆಂಟು ಜನ ಸರೋವರ ಸ್ಪರ್ಶದ ಹಿಂದಿನ ಗೋಡೆಗೆ ಹೋದರು. ಹದಿನೆಂಟು ಹೆಂಗಸರು, ಹತ್ತು ಗಂಡಸರು. ಮುಖ ಮುಚ್ಚಿಕೊಂಡಿರಲಿಲ್ಲ. ಅವಸರವೂ ಮಾಡಲಿಲ್ಲ. ನಾಕಾದಿಂದ ಕೆಲಸಕ್ಕೆ ಹೋಗುವಂತೆಯೇ ಹೋದರು. ಹೆಂಗಸರು ಸೀರೆ ಕಚ್ಚೆ ಹಾಕಿದರು. ಸಾಬವ್ವ ಗೋಡೆಗುಂಟ ನಡೆದಳು. ನಿಂತಳು. ಹಿಮ್ಮಡಿಯಿಂದ ನೆಲ ಗುದ್ದಿ ನೋಡಿದಳು. ಎರಡು ಹೆಜ್ಜೆ ಸರಿದು ಮತ್ತೆ ಗುದ್ದಿದಳು.

"ಇಲ್ಲೆ."

ಮಾನಪ್ಪ ಹಾರೆ ಎತ್ತಿದ. ಮೊದಲ ಏಟಿಗೆ ಗೋಡೆಯ ಗಿಲಾವು ಉದುರಿತು. ಎರಡನೆಯದಕ್ಕೆ ಇಟ್ಟಿಗೆ ಅಲುಗಿತು. ಈ ಗೋಡೆಯ ಗಾರೆಯನ್ನೂ ಕಲಸಿದವನು ಅವನೇ. ಎಲ್ಲಿ ಸಿಮೆಂಟು ಕಡಿಮೆ ಎಂದು ಬಲ್ಲ. ಅರ್ಧ ತಾಸಿನಲ್ಲಿ ಹತ್ತು ಹೆಜ್ಜೆ ಗೋಡೆ ಒಳಗೆ ಕುಸಿಯಿತು. ವಾಚಮನ್ ಸೀಟಿ ಊದುತ್ತ ಓಡಿಬಂದ. ಇಪ್ಪತ್ತೆಂಟು ಜನರನ್ನು ನೋಡಿ ನಿಂತ. ಬಾಲ್ಕನಿಗಳಲ್ಲಿ ಮೊಬೈಲುಗಳು ಎದ್ದವು. ಸೊಸೈಟಿಯ ಸೆಕ್ರೆಟರಿ ಚಡ್ಡಿಯಲ್ಲೇ ಇಳಿದುಬಂದು ಹಿಂದಿಯಲ್ಲಿ ಬೈಯತೊಡಗಿದ. ಭಿಕಾರಿಗಳು ಎಂದ. ಕಳ್ಳರು ಎಂದ. ಜಾತಿ ಹಿಡಿದು ಒಂದು ಮಾತು ಅಂದ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಅವನ ಕಡೆ ಎರಡು ಹೆಜ್ಜೆ ಇಟ್ಟಳು. ಸಾಬವ್ವ ಅವಳ ತೋಳು ಹಿಡಿದಳು.

"ಬುಟ್ಟಿ ತಗೋ."

ಮಣ್ಣು ಗಟ್ಟಿಯಾಗಿತ್ತು. ಇಟ್ಟಿಗೆ ಚೂರು, ಟೈಲ್ಸಿನ ತುಂಡು, ತುಕ್ಕು ಹಿಡಿದ ಸರಳು. ಒಂದೊಂದು ಬುಟ್ಟಿ ಮೇಲೆ ಬಂದಾಗಲೂ ಸಾಬವ್ವ ಅದರೊಳಗೆ ನೋಡುತ್ತಿದ್ದಳು. ಇದನ್ನೇ ತಾನು ಹಾಕಿದ್ದು. ಬಸುರಿಯಾಗಿದ್ದಾಗ ಇದೇ ಭಾರ ಹೊತ್ತು ಕತ್ತು ನೋಯುತ್ತಿತ್ತು. ಐವತ್ತೈದರ ಮೈ. ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಅಂಗೈಯ ಬೊಬ್ಬೆ ಒಡೆದು ಹಾರೆಯ ಹಿಡಿಕೆ ಜಾರುತ್ತಿತ್ತು. ಮಣ್ಣು ಹಚ್ಚಿಕೊಂಡು ಮತ್ತೆ ಹಿಡಿದಳು.

ಹತ್ತೂವರೆಗೆ ಹಾರೆ ಕಲ್ಲಿಗೆ ತಾಕಿತು. ಸಪ್ಪಳ ಬೇರೆಯಾಗಿತ್ತು. ಎಲ್ಲರೂ ನಿಂತರು.

ಚಪ್ಪಡಿಯ ಅಂಚು. ಅದರ ಕೆಳಗೆ ಕತ್ತಲು. ಕತ್ತಲೊಳಗಿಂದ ತಣ್ಣನೆಯ ಗಾಳಿ ಬಂದು ಸಾಬವ್ವನ ಮುಖಕ್ಕೆ ತಾಕಿತು. ಅದರಲ್ಲಿ ಖಾಡಿಯ ಉಪ್ಪಿನ ವಾಸನೆಯಿತ್ತು. ಇಪ್ಪತ್ತು ವರ್ಷ ಒಳಗೇ ಇದ್ದ ದಾರಿ. ಅವಳು ಚಪ್ಪಡಿಯ ಅಂಚಿಗೆ ಕೈ ಹಚ್ಚಿದಳು. ಅಳಲಿಲ್ಲ.

ಪೊಲೀಸ್ ವ್ಯಾನು ಬಂದಾಗ ಕೋಡಿಯ ಬಾಯಿ ಮುಕ್ಕಾಲು ತೆರೆದಿತ್ತು. ಸಾಬವ್ವ, ಮಾನಪ್ಪ, ಇನ್ನೂ ಮೂವರು. ಐದು ಜನರನ್ನು ಹತ್ತಿಸಿದರು. ಉಳಿದವರನ್ನು ಲಾಠಿ ತೋರಿಸಿ ಓಡಿಸಿದರು. ಅಶ್ಮಿತಾ ರಿಕ್ಷಾ ಹಿಡಿದು ಹಿಂದೆಯೇ ಬಂದಳು.

ಚೌಕಿಗೆ ತಲುಪುವಷ್ಟರಲ್ಲಿ ಆಕಾಶ ಕಪ್ಪಾಗಿತ್ತು. ಹನ್ನೆರಡಕ್ಕೆ ಮಳೆ ಶುರುವಾಯಿತು. ಹನಿಯಲ್ಲ, ಧಾರೆ. ಭರತಿಯ ಹೊತ್ತು. ಬೆಂಚಿನ ಮೇಲೆ ಐವರೂ ಕೈ ಹಿಡಿದುಕೊಂಡು ಕುಳಿತಿದ್ದರು. ತೆರೆದ ಬಾಯಿಯನ್ನು ಯಾರಾದರೂ ಮುಚ್ಚಿದರೋ ಏನೋ ಗೊತ್ತಿರಲಿಲ್ಲ. ಮುಕ್ಕಾಲು ತೆರೆದದ್ದು ಸಾಕೋ ಎಂಬುದೂ ಗೊತ್ತಿರಲಿಲ್ಲ.

ಎರಡು ಗಂಟೆಗೆ ಅಶ್ಮಿತಾಳ ಮೊಬೈಲು ಬಡಿಯಿತು. ವಾಡಿಯಿಂದ ಫೋನು. ಅವಳು ಕೇಳಿದಳು.

"ಏನಂತ?" ಸಾಬವ್ವ ಎದ್ದು ನಿಂತಳು.

"ಪಾನೀ ಆಯಾ, ಅವ್ವಾ. ಮೊಣಕಾಲ ತಕ್. ವಹೀಂ ರುಕ್ ಗಯಾ." ಮೊಣಕಾಲ ಮಟ್ಟ ಬಂದು ಅಲ್ಲೇ ನಿಂತಿದೆ. ಕೋಡಿ ಗುಡುಗುಡು ಹರಿಯುತ್ತಿದೆ. ಆದರೆ ಸೆಕ್ರೆಟರಿ ಜೆಸಿಬಿಗೆ ಹೇಳಿದ್ದಾನೆ. ಮಳೆ ನಿಂತ ಕೂಡಲೇ ಮುಚ್ಚಿಸುತ್ತಾನಂತೆ.

ಮಾನಪ್ಪ ತಲೆಯ ಮೇಲೆ ಕೈ ಹೊತ್ತು ಅತ್ತ. ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ.

ಆ ಹೊತ್ತಿಗೆ ಸಂಗಮೇಶ ಒದ್ದೆಯಾಗಿ ಒಳಗೆ ಬಂದ. ಸಾಬವ್ವನ ಮುಂದೆ ಕೈ ಮುಗಿದ.

"ಅವ್ವಾರ, ನಾ ಎಲ್ಲಾರ ಜೋಡಿ ಮಾತಾಡೀನಿ. ಕೇಸು ಸಣ್ಣದು ಮಾಡ್ತಾರ. ಯಾರೋ ಹೊರಗಿನವರು ಹೇಳಿದ್ರು, ತಿಳೀದ ಮಾಡಿದ್ವಿ ಅಂತ ಹೇಳ್ರಿ. ಸಂಜೀಗೆ ಮನಿಗೆ ಹೋಗ್ತೀರಿ."

ಮುದಿ ಹವಾಲ್ದಾರ ಆಗಲೇ ಅವರ ಹೇಳಿಕೆಯ ಜಬಾಬು ಬರೆದು ಮುಗಿಸಿದ್ದ. ಕೆಟ್ಟವನಲ್ಲ. ಐವರಿಗೂ ಚಹಾ ತರಿಸಿದ್ದ. ಕಾಗದ ಮುಂದೆ ಸರಿಸಿ, "ಮಾವ್ಶಿ, ಅಂಗಠಾ" ಎಂದು ಹೆಬ್ಬೆಟ್ಟು ಕೇಳಿದ.

"ಓದು" ಎಂದಳು ಸಾಬವ್ವ ಮಗಳಿಗೆ.

ಅಶ್ಮಿತಾ ಓದಿದಳು. ನಾವು ಅಶಿಕ್ಷಿತರು. ನಮಗೆ ತಿಳಿವಳಿಕೆ ಇಲ್ಲ. ಅಜ್ಞಾತ ವ್ಯಕ್ತಿಗಳ ಮಾತು ಕೇಳಿ, ಏನು ಮಾಡುತ್ತಿದ್ದೇವೆಂದು ಅರಿಯದೆ ಗೋಡೆ ಒಡೆದೆವು.

ಹೊರಗೆ ಮಳೆ ಹೊಯ್ಯುತ್ತಿತ್ತು. ಸಾಬವ್ವ ಸಂಗಮೇಶನನ್ನು ನೋಡಿದಳು.

"ನಿಮಗ ಗೊತ್ತಿದ್ದದ್ದು ಹೇಳ್ರಿ ಅಂದಿ. ಹೇಳಿದ್ನಿ. ಈಗ ಗೊತ್ತಿಲ್ಲ ಅಂತ ಹೇಳ್ರಿ ಅಂತಿ."

"ನಿಮ್ಮ ಒಳ್ಳೇದಕ್ಕಽ ರೀ..."

"ನಮ್ಮನ್ಯಾಗ ಉಂಡಿ. ಅದಕ್ಕಽ ಬೈಯಂಗಿಲ್ಲ. ಎದ್ದು ಹೋಗು."

ಅವನು ಹೋಗಲಿಲ್ಲ. ಬಾಗಿಲ ಬಳಿ ಗೋಡೆಗೆ ಆತು ನಿಂತ. ಮೂರು ದಿನ ಬರೆದುಕೊಂಡ ನೋಟುಬುಕ್ಕು ಅವನ ಚೀ‌ಲದಲ್ಲೇ ಇತ್ತು. ತೆಗೆಯಲಿಲ್ಲ.

ಸಾಬವ್ವ ಕಾಗದವನ್ನು ಹವಾಲ್ದಾರನ ಕಡೆ ತಿರುಗಿ ತಳ್ಳಿದಳು. ಅಶ್ಮಿತಾಳಿಗೆ, "ನಾ ಹೇಳಿದ್ದು ಹೇಳಿದಂಗ ಮರಾಠಿ ಮಾಡು" ಎಂದಳು.

"ಕೆರಿ ಮುಚ್ಚಿದಾಗ ತಿಳಿದಽ ಮುಚ್ಚೀವಿ. ಹಸಿವಿಗೆ ಮುಚ್ಚೀವಿ. ಈಗೂ ತಿಳಿದಽ ಒಡದೀವಿ. ಯಾವ ಹೊರಗಿನವನೂ ಹೇಳಿಲ್ಲ. ನಾನಽ ಹೇಳೀನಿ. ಅಲ್ಲಿ ಕೆರಿ ಇತ್ತು ಅಂತ ಬರಿ. ಪಡುವಲಕ್ಕ ಏರಿ, ಏರಿ ತುದಿಗೆ ಕೋಡಿ. ಕೋಡಿ ಕಾಲುವಿ ಎರಡು ಆಳು ಅಗಲ, ಒಂದು ಆಳು ಆಳ, ಕರಿ ಕಲ್ಲಿಂದು. ಖಾಡಿತನಾ ಹೋಗೈತಿ. ಚಪ್ಪಡಿ ಹಾಕಿದಾಂವ ನನ್ನ ಗಂಡ ಸೈದಪ್ಪ. ಅವನ ಹೆಸರು ಬರಿ. ಅಂವ ನೀರಿನ ಜ್ವರದಾಗ ಸತ್ತ ಅಂತ ಬರಿ."

ಹವಾಲ್ದಾರ ಪೆನ್ನು ಹಿಡಿದು ಅಶ್ಮಿತಾಳ ಮುಖ ನೋಡಿದ. ಅವಳು ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಅವನು ಹಳೆಯ ಕಾಗದ ಹರಿದು ಹೊಸದು ತೆಗೆದ. ಇಲಾಖೆಯ ಮುದ್ರೆಯಿದ್ದ ಹಾಳೆ. ಬರೆಯತೊಡಗಿದ. ನಡುವೆ ಅವನಿಗೇ ಕುತೂಹಲ ಹುಟ್ಟಿತು. ಕೆರೆ ಎಷ್ಟು ಆಳ ಇತ್ತು ಎಂದು ಕೇಳಿದ. ಸಾಬವ್ವ ಎದ್ದು ನಿಂತು ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸಿದಳು. ಏರಿಯ ಮೇಲೆ ಯಾವ ಗಿಡಗಳಿದ್ದವು ಎಂದು ಕೇಳಿದ. ಹೇಳಿದಳು. ಭರತಿಯ ಲೆಕ್ಕ ಹೇಳಿದಳು. ಏಡಿಯ ಮಾತು ಹೇಳಿದಳು. ಅದೆಲ್ಲ ಯಾಕೆ ಎಂದ. ಬರಿ ಎಂದಳು. ನಾಲ್ಕು ಹಾಳೆ ತುಂಬಿದವು.

ಅಶ್ಮಿತಾ ಮೊದಲಿನಿಂದ ಕೊನೆಯ ತನಕ ಓದಿ ಹೇಳಿದಳು. ಇದರ ನಕಲು ನಮಗೆ ಬೇಕು ಎಂದಳು. ಕೋರ್ಟಿನಲ್ಲಿ ಸಿಗುತ್ತದೆ ಎಂದ ಹವಾಲ್ದಾರ. ಕೋರ್ಟಿಗೇ ಬರುತ್ತೇವೆ ಎಂದಳು ಅವಳು.

ಸಾಬವ್ವ ಎಡಗೈ ಮುಂದೆ ಚಾಚಿದಳು. ಬೊಬ್ಬೆ ಒಡೆದ ಹೆಬ್ಬೆಟ್ಟಿನಲ್ಲಿ ಗೆರೆ ಕಾಣುತ್ತಿರಲಿಲ್ಲ. ಹವಾಲ್ದಾರ ತನ್ನ ಕರವಸ್ತ್ರದಿಂದ ಅದರ ಮಣ್ಣು ಒರೆಸಿದ. ಪ್ಯಾಡಿಗೆ ಒತ್ತುವ ಮುನ್ನ ಅವಳ ಕೈ ಹಿಡಿದು ತಡೆದ.

"ಮಾವ್ಶಿ, ಇದಕ್ಕೆ ಹೆಬ್ಬೆಟ್ಟು ಹಾಕಿದರೆ ಕೇಸು ಗಟ್ಟಿಯಾಗುತ್ತದೆ" ಎಂದ ಮರಾಠಿಯಲ್ಲಿ. ಅಶ್ಮಿತಾ ಕನ್ನಡದಲ್ಲಿ ಹೇಳುವ ಮೊದಲೇ ಸಾಬವ್ವನಿಗೆ ತಿಳಿದಿತ್ತು.

"ಗಟ್ಟಿ ಆಗಲಿ ಅಂತಽ ಹೇಳಾಕತ್ತೀನಿ" ಎಂದಳು, ಒತ್ತಿದಳು.